ಫಟಫಟಿಗೆ ಹಚ್ಚಿದ ಕೆಮ್ಮಣ್ಣು

ಹೋದ ವಾರ ನನ್ನ ಕೈಗಡಿಯಾರ ನಿಂತುಹೋಯಿತು. ದೇವದುರ್ಗದ ಬಸ್ ನಿಲ್ದಾಣದ ಎದುರು ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರ ಕೈಗೆ ಕೊಡುವ ಮುಂಚೆ, ಪಕ್ಕದ ಹಣ್ಣಿನ ಬಂಡಿಯ ಕಡೆ ಮುಖ ಮಾಡಿ ನಿಂತು, ಸೀರೆಯ ಪಿನ್ನು ತೆಗೆದು, ಗಡಿಯಾರದ ಬೆನ್ನಿಗೆ ಸಣ್ಣದೊಂದು ಗೀರು ಎಳೆದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಅವರು ಗಡಿಯಾರವನ್ನು ಬೋರಲು ಮಾಡಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕ್ಷಣ ನೋಡಿದರು. ಆಮೇಲೆ ಸ್ಟೂಲನ್ನು ನನ್ನ ಕಡೆ ಸರಿಸಿ, "ಕುಂದರ್ರಿ ಮೇಡಮ್ಮಾರ, ನಿಮ್ಮ ಕಣ್ಣ ಮುಂದನ ಬಿಚ್ಚತೀನಿ" ಅಂದರು. ಮರ್ಯಾದೆಯಿದ್ದವರು ಅಂಥ ಹೊತ್ತಿನಲ್ಲಿ ಪರವಾಗಿಲ್ಲ ಎಂದು ಹೇಳಿ ಹೊರಟುಬಿಡುತ್ತಾರೆ. ನಾನು ಕೂತೆ.

ಈ ಸಂಶಯ ನಾನಾಗಿ ಕಲಿತದ್ದಲ್ಲ. ನಮ್ಮ ಮನೆತನದಲ್ಲಿ ಹೊಲವಿರಲಿಲ್ಲ, ಬಂಗಾರವಿರಲಿಲ್ಲ. ಹಿರಿಯರಿಂದ ಕಿರಿಯರಿಗೆ ಸರಿಯಾಗಿ ಬಂದು ಮುಟ್ಟಿದ್ದು ಇದೊಂದೇ.

ನನ್ನ ಅಜ್ಜ ಚಂದ್ರಬಂಡದಲ್ಲಿ ಕುರಿ ಕಾಯುತ್ತಿದ್ದ. ಬೇಸಿಗೆಯಲ್ಲಿ ನೀರಿರುವ ಕಡೆ ಎಲ್ಲರ ಹಿಂಡುಗಳೂ ಸೇರಿ ಒಂದಾಗುತ್ತಿದ್ದವು. ಸಂಜೆ ಅವನ್ನು ಬೇರ್ಪಡಿಸಬೇಕಲ್ಲ, ಅದಕ್ಕೆ ಒಬ್ಬೊಬ್ಬರದು ಒಂದೊಂದು ಗುರುತು. ನಮ್ಮದು ಎಡತೊಡೆಯ ಮೇಲೆ ಕೆಮ್ಮಣ್ಣಿನ ದುಂಡು ಚುಕ್ಕೆ. ರಜೆಗೆ ಹೋದಾಗ ಕೆಮ್ಮಣ್ಣು ಕದಡಿದ ಗಡಿಗೆ ಹಿಡಿದು ನಿಲ್ಲುವುದು ನನ್ನ ಕೆಲಸವಾಗಿತ್ತು. ಕುರಿಯ ಉಣ್ಣೆಯ ಜಿಡ್ಡು, ಹಸಿಮಣ್ಣಿನ ವಾಸನೆ, ಅಜ್ಜನ ಬೆರಳಿನ ಕೆಂಪು ಎಲ್ಲ ಸೇರಿ ನನ್ನ ಫ್ರಾಕಿನ ಅಂಚಿಗೆ ಅಂಟಿ ರಾಯಚೂರಿನ ತನಕ ಬರುತ್ತಿದ್ದವು. ಸಂತೆಯಲ್ಲಿ ಟಗರು ಕೊಂಡು ತಂದರೆ ಅಜ್ಜ ಅದನ್ನು ಹಿಂಡಿಗೆ ಬಿಡುವ ಮೊದಲು ಉಜ್ಜಿ ತೊಳೆಯುತ್ತಿದ್ದ. ಅದು ಸ್ವಚ್ಛತೆಗಾಗಿ ಅಲ್ಲ. ಯಾರ ಗುರುತಿನ ಮೇಲೆ ಯಾರು ಗುರುತು ಹಾಕಿದ್ದಾರೆ ಎಂದು ನೋಡುವುದಕ್ಕೆ.

ಅಪ್ಪನಿಗೆ ಸರಕಾರಿ ನೌಕರಿ ಸಿಕ್ಕಿತು, ಮಾನ್ವಿಯ ದನದ ದವಾಖಾನೆಯಲ್ಲಿ. ನಾವು ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಕುರಿಗಳು ಊರಲ್ಲೇ ಉಳಿದವು, ಕೆಮ್ಮಣ್ಣು ಮಾತ್ರ ನಮ್ಮ ಜೊತೆ ಬಂತು. ಕುರಿ ಇಲ್ಲದ ಮನೆಯಲ್ಲಿ ಅದು ಚೊಂಬು, ಕೊಡೆ, ಬಕೆಟ್ಟುಗಳ ಮೇಲೆ ಹತ್ತಿತು. ಶಾಲೆಯಲ್ಲಿ ಬರೆಯುವ ನನ್ನ ಪಾಟಿಯ ಚೌಕಟ್ಟಿನ ಮೇಲೂ ದುಂಡನೆಯ ಕೆಂಪು ಚುಕ್ಕೆ. ಅದರ ಅರ್ಥ ತಿಳಿದಿದ್ದ ಒಬ್ಬ ಹುಡುಗಿ ನಮ್ಮ ತರಗತಿಯಲ್ಲಿದ್ದಳು. ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಅವಳು ಸಣ್ಣ ದನಿಯಲ್ಲಿ ಕುರಿಯ ಹಾಗೆ ಅರಚುತ್ತಿದ್ದಳು. ನಾನು ಯಾರಿಗೂ ಹೇಳಲಿಲ್ಲ. ಇಟ್ಟಂಗಿ ಪುಡಿ ಹಾಕಿ ಪಾಟಿ ತಿಕ್ಕಿದೆ. ಎಂ.ಎಸ್ಸಿ. ಓದಲು ಗುಲ್ಬರ್ಗಾದ ಹಾಸ್ಟೆಲ್ಲಿಗೆ ಹೊರಟಾಗ ಅಪ್ಪನಿಗೆ ಒಂದೇ ಮಾತು ಹೇಳಿದೆ: ನನ್ನ ಸಾಮಾನಿಗೆ ಗುರುತು ಬೇಡ. ಅಪ್ಪ ಆಗಲಿ ಎಂದ. ಆದರೂ ನಾನು ಟ್ರಂಕನ್ನು ಮಗುಚಿ ನೋಡಿಯೇ ಹೊರಟೆ. ಚುಕ್ಕೆ ಇರಲಿಲ್ಲ. ಹಾಸ್ಟೆಲ್ಲಿನಲ್ಲಿದ್ದಷ್ಟು ದಿನವೂ ನನ್ನ ಬಕೆಟ್ಟು ಪದೇ ಪದೇ ಅದಲುಬದಲಾಗುತ್ತಿತ್ತು. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಇಷ್ಟು ಹೇಳಿದರೆ ಫಟಫಟಿಯ ಕಥೆ ನಿಮಗೆ ಅರ್ಥವಾದೀತು.

ರಾಯಚೂರಿನ ಓಣಿಗಳಲ್ಲಿ ಟೀವಿಯ ಏರಿಯಲ್ಲುಗಳು ಒಂದೊಂದಾಗಿ ಏಳುತ್ತಿದ್ದ ಕಾಲವದು. ಅಪ್ಪ ಮಾನ್ವಿಯ ಗುತ್ತಿಗೆದಾರನೊಬ್ಬನಿಂದ ಹಳೆಯ ಮೋಟಾರ್ ಸೈಕಲ್ ಕೊಂಡ, ಅದೇ ಈ ಫಟಫಟಿ. ದನಗಳಿಗೆ ಸೂಜಿ ಚುಚ್ಚಲು ಬಾಗಲವಾಡ, ಹಿರೇಕೊಟ್ನೆಕಲ್ ಕಡೆ ಅಡ್ಡಾಡಬೇಕಿತ್ತು. ಆ ಗಾಡಿಯ ವಿಶೇಷವೆಂದರೆ ಅದರ ಮುಂದಿನ ಹೊದಿಕೆ. ಹ್ಯಾಂಡಲ್ಲಿನಿಂದ ಇಂಜಿನ್ನಿನ ಪಕ್ಕದವರೆಗೂ ಇಳಿದ ಫೈಬರಿನ ಕವಚ. ನಡುವೆ ಹೆಡ್‌ಲೈಟು, ನೆತ್ತಿಯ ಮೇಲೆ ಹೊಗೆಬಣ್ಣದ ಗಾಜು. ಅದಕ್ಕೆ ಫೇರಿಂಗ್ ಎನ್ನುತ್ತಾರೆಂದು ನನಗೆ ತಿಳಿದದ್ದು ಆಮೇಲೆ. ಅವ್ವ ಅದನ್ನು ಮುಸುಕು ಎಂದಳು, ಆ ಹೆಸರೇ ಮನೆಯಲ್ಲಿ ನಿಂತಿತು.

ಮುಸುಕು ಹಾಕಿಕೊಂಡು ಬಂದದ್ದನ್ನು ನಮ್ಮ ಮನೆಯಲ್ಲಿ ಯಾರು ನಂಬುತ್ತಾರೆ? ಅಪ್ಪ ಅದರ ಸುತ್ತ ತಿರುಗುತ್ತ, ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದ. ಗಾಡಿ ಓಡುವಾಗ ಅದು ಗಡಗಡ ಅಲುಗುತ್ತಿತ್ತು. ಹೆಡ್‌ಲೈಟು ಇಷ್ಟಬಂದಾಗ ಉರಿಯುತ್ತಿತ್ತು. ಹ್ಯಾಂಡಲ್ಲನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಮುಸುಕಿಗೆ ತಾಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಟ್ಟಿನಲ್ಲಿ ಬಲಕ್ಕೆ ತಿರುಗುವ ದಾರಿಗಳನ್ನು ಅಪ್ಪ ಆದಷ್ಟು ತಪ್ಪಿಸುತ್ತಿದ್ದ.

ಆ ಹೊತ್ತಿಗೇ ನನಗೆ ದೇವದುರ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಸೋಮವಾರ ಬೆಳಗ್ಗೆ ಹತ್ತರೊಳಗೆ ಹಾಜರಾಗಬೇಕು, ತಪ್ಪಿದರೆ ಆ ಜಾಗ ನನ್ನ ಹಿಂದೆ ನಿಂತವರಿಗೆ. ನಾನು ಬೆಳಗಿನ ಬಸ್ಸಿಗೆ ಹೋಗುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ. ಆ ಬಸ್ಸು ಗಬ್ಬೂರಿನ ಹತ್ತಿರ ಕೆಟ್ಟು ನಿಲ್ಲುತ್ತದೆ, ಅದನ್ನು ನಂಬಿ ಕೆಲಸ ಕಳೆದುಕೊಳ್ಳಬೇಡ, ನಾನೇ ಗಾಡಿಯ ಮೇಲೆ ಬಿಟ್ಟುಬರುತ್ತೇನೆ ಎಂದ. ಅಷ್ಟು ಹೇಳಿ, ಅದಕ್ಕೆ ಮುಂಚಿನ ಭಾನುವಾರವೇ ಮುಸುಕು ಬಿಚ್ಚಿಸಿ ರಿಪೇರಿ ಮಾಡಿಸುವುದೆಂದು ಗೊತ್ತು ಮಾಡಿದ. ಹೇಗೂ ಬಿಚ್ಚುತ್ತೇವೆ ಎಂದು ಹೊಸ ಬಲ್ಬು, ಎಮ್ಮೆಗಳೂ ದಾರಿಬಿಡುವಂಥ ಹಾರ್ನು ಸಹ ತಂದಿಟ್ಟ.

ನನಗೆ ಸಂಶಯ ಬಂತು. ಅಷ್ಟು ತಿಂಗಳು ಅಲುಗುತ್ತಿದ್ದ ಮುಸುಕು ಇನ್ನೊಂದು ವಾರ ಅಲುಗಬಾರದೇ? ನಾನು ಮನೆ ಬಿಟ್ಟು ಬೇರೆ ಊರಲ್ಲಿ ಕೋಣೆ ಹಿಡಿದು ಇರುವುದು ಅಪ್ಪನಿಗೆ ಮನಸ್ಸಿಲ್ಲವೆಂದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಅವನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಿಚ್ಚಿದ ಗಾಡಿ ಸೋಮವಾರವೂ ಬಿಚ್ಚಿದಂತೆಯೇ ಇದ್ದರೆ ಯಾರನ್ನು ದೂರುವುದು? ಶನಿವಾರ ಸಂಜೆ ಹಾಲು ತರುವ ನೆಪದಲ್ಲಿ ಹೋಗಿ ಬಸ್ಸಿನ ವೇಳೆ ವಿಚಾರಿಸಿಕೊಂಡು ಬಂದೆ.

ತೀನ್ ಕಂದೀಲ್ ವೃತ್ತದ ಹತ್ತಿರ ಗ್ಯಾರೇಜು ಇಟ್ಟಿದ್ದ ಚಾಂದ್‌ಪಾಷಾ ಅಪ್ಪನ ಹಳೆಯ ಸ್ನೇಹಿತ. ಅವನ ಎಮ್ಮೆಗೆ ಅಪ್ಪ ಔಷಧ ಕೊಡುತ್ತಿದ್ದ, ಅಪ್ಪನ ಸೈಕಲ್ಲಿಗೆ ಅವನು ಪಂಕ್ಚರ್ ಹಾಕುತ್ತಿದ್ದ. ಗಾಡಿ ಬಿಟ್ಟುಹೋಗಿ, ಸಾವಕಾಶ ಮಾಡಿಕೊಡುತ್ತೇನೆ ಎಂದು ಅವನು ಹೇಳಿದರೆ ಅಪ್ಪ ಸುತಾರಾಂ ಒಲ್ಲೆ ಎಂದ. ಗ್ಯಾರೇಜಿನಲ್ಲಿ ಬಿಟ್ಟ ಗಾಡಿಯ ಒಳ್ಳೆಯ ಸಾಮಾನು ಕಳಚಿ ಕೆಟ್ಟದ್ದನ್ನು ಹಾಕುತ್ತಾರೆಂಬುದು ಅಪ್ಪನ ದೃಢವಾದ ನಂಬಿಕೆ.

"ಸ್ನೇಹ ಸ್ನೇಹದ ಕಡೆ. ನನ್ನ ಅಂಗಳಕ್ಕ ಬಾ, ನನ್ನ ಮುಂದ ಬಿಚ್ಚು" ಅಂದ ಅಪ್ಪ.

ಚಾಂದ್‌ಪಾಷಾ ಬೇಸರ ಮಾಡಿಕೊಳ್ಳಲಿಲ್ಲ. ಅವನಿಗೂ ಒಂದು ನಂಬಿಕೆಯಿತ್ತು. "ಬರ್ತೀನಿ ಬೀರಣ್ಣ. ಆದ್ರ ಹೋಗೂಮುಂದ ನನ್ನ ಸಾಮಾನ ನಾ ನೋಡಿಕೊಂಡ ಹೋಗಾವ. ಹೋದ ಸಲ ವಕೀಲರ ಮನ್ಯಾಗ ತಂತಿ ಹಿಡಿಯೂ ಪಕ್ಕಡ್ ಹೋತು. ವಕೀಲರ ಮನ್ಯಾಗ ಹೋಗೂದಾದ್ರ ಎಲ್ಲಿ ಹೋಗಾಂಗಿಲ್ಲ ಹೇಳ್ರಿ?"

ಹೀಗೆ ಒಬ್ಬರನ್ನೊಬ್ಬರು ಕಾಯುವ ಒಪ್ಪಂದದ ಮೇಲೆ ಭಾನುವಾರ ಕೆಲಸ ಶುರುವಾಯಿತು. ಅಂಗಳದ ಶಾಬಾದ ಕಲ್ಲುಗಳ ಮೇಲೆ ನಾನು ಸೀಮೆಸುಣ್ಣದಿಂದ ಗಾಡಿಯ ಮುಂಭಾಗದ ನಕ್ಷೆ ಬರೆದೆ. ಎಡದಿಂದ ಬಂದ ಬೋಲ್ಟು ಎಡಕ್ಕೆ, ಗಾಜಿನ ಕೆಳಗಿಂದ ಬಂದದ್ದು ಮೇಲಕ್ಕೆ ಇಡಬೇಕೆಂದು ನನ್ನ ಲೆಕ್ಕ. ಚಾಂದ್‌ಪಾಷಾ ಆ ನಕ್ಷೆಯನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ, ಅದರ ಮೇಲೆಯೇ ಕೂತ. ಕೊನೆಗೆ ಬಿಚ್ಚಿದ್ದೆಲ್ಲ ಅವ್ವನ ಮೊರಕ್ಕೆ ಹೋಯಿತು.

ಮೊರಕ್ಕೆ ಬೀಳುವ ಮೊದಲು ಪ್ರತಿಯೊಂದೂ ಅಪ್ಪನ ಕೈ ಹಾದುಹೋಗಬೇಕು. ಅಪ್ಪ ಒಂದು ಬಟ್ಟಲಲ್ಲಿ ಕೆಮ್ಮಣ್ಣು ಕದಡಿಟ್ಟುಕೊಂಡು, ಕಡ್ಡಿಪೆಟ್ಟಿಗೆಯ ಕಡ್ಡಿ ಅದ್ದಿ, ಬೋಲ್ಟಿನ ತಲೆಯ ಮೇಲೆ ಚುಕ್ಕೆ ಇಡುತ್ತಿದ್ದ. ಕುರಿಗಾದರೆ ನೀರಲ್ಲಿ ಕದಡುತ್ತಿದ್ದರು. ಕಬ್ಬಿಣಕ್ಕೆ ನೀರು ಹಿಡಿಯುವುದಿಲ್ಲವೆಂದು ಅಪ್ಪ ಶೇಂಗಾ ಎಣ್ಣೆಯಲ್ಲಿ ಕದಡಿದ್ದ. ತನ್ನ ಈ ಸುಧಾರಣೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ನೋಡುತ್ತಿದ್ದ ನನಗೆ ಪಾಟಿ ತಿಕ್ಕಿದ ದಿನ ನೆನಪಾಗಿ ಮುಖ ಬೇರೆ ಕಡೆ ತಿರುಗಿಸಿದೆ. ಬೆಲೆಬಾಳುವ ಸಾಮಾನನ್ನು ಮಾತ್ರ ಅಪ್ಪ ಮೊರಕ್ಕೆ ಹಾಕದೆ, ಗೋಡೆಯಲ್ಲಿ ದೀಪ ಇಡುವ ಗೂಡಿನಲ್ಲಿ ಟವೆಲ್ಲು ಮುಚ್ಚಿ ಇಡುತ್ತಿದ್ದ.

ಮುಸುಕು ಕೊನೆಗೂ ಕಳಚಿ ಬಂತು. ಒಳಗೆ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು, ಜೋಳದ ಸಿಪ್ಪೆ, ಯಾವುದೋ ಆಯುಧಪೂಜೆಯ ಒಣಗಿದ ನಿಂಬೆಹಣ್ಣು. ಹೆಡ್‌ಲೈಟನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿ ನಡುವೆ ಮುರಿದಿತ್ತು. ಅದನ್ನು ಬೇಲಿಯ ತಂತಿ ಸುತ್ತಿ ನಿಲ್ಲಿಸಿದ್ದರು. ಗುತ್ತಿಗೆದಾರ ಎಲ್ಲೋ ಗುದ್ದಿಸಿ, ಮುಸುಕು ಹೊದಿಸಿ ಮಾರಿದ್ದ.

"ನೋಡಿದ್ಯಾ ಯವ್ವಾ, ತೊಳದ್ರ ತಿಳೀತದ ಅಂತಿದ್ದ ನಿಮ್ಮಜ್ಜ" ಅಂದ ಅಪ್ಪ. ಮೋಸಹೋದವನ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಬೇರೆಲ್ಲೂ ನೋಡಿಲ್ಲ.

ಪಟ್ಟಿಗೆ ವೆಲ್ಡಿಂಗ್ ಆಗಬೇಕು, ಸೀಳಿದ ಮುಸುಕಿಗೂ ಒಂದು ತೇಪೆ ಬೇಕು. ಎರಡನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಇಬ್ಬರೂ ಹೊರಟರು. ಚಾಂದ್‌ಪಾಷಾನನ್ನು ಒಬ್ಬನನ್ನೇ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಅಪ್ಪ ಹಗ್ಗ ಬಿಗಿಯುತ್ತಿದ್ದಾಗ ಚಾಂದ್‌ಪಾಷಾ ಮೊರವನ್ನೆತ್ತಿ, ಅದರಲ್ಲಿದ್ದುದನ್ನೆಲ್ಲ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಡಬ್ಬಿಗೆ ಸುರಿದ. ತುಕ್ಕು ಬಿಡಲೆಂದು ಮೆಕ್ಯಾನಿಕ್ಕುಗಳೆಲ್ಲ ಮಾಡುವ ಕೆಲಸ. ನಾನು ಕಾವಲು ಕೂತೆ. ಮಧ್ಯಾಹ್ನವೆಲ್ಲ ಬಿಸಿಲು, ನಾನು, ಮೂಗು ಕಿತ್ತಿಟ್ಟಂತಿದ್ದ ಗಾಡಿ. ಒಂದು ನರಪಿಳ್ಳೆಯೂ ಬರಲಿಲ್ಲ.

ಅವರು ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ವೆಲ್ಡಿಂಗ್ ಆಗಿತ್ತು. ಚಾಂದ್‌ಪಾಷಾ ಡಬ್ಬಿಯಿಂದ ಬೋಲ್ಟುಗಳನ್ನು ತೆಗೆದು ಬಟ್ಟೆಯಿಂದ ಒರೆಸಿ ಸಾಲಾಗಿ ಇಟ್ಟ. ಅಪ್ಪ ಒಂದನ್ನು ಎತ್ತಿಕೊಂಡ, ಆಮೇಲೆ ಇನ್ನೊಂದನ್ನು.

"ಇವು ನಮ್ಮವಲ್ಲ."

"ಯಾವು?"

"ಇವ. ನಮ್ಮವು ಹಳೇ ಕಬ್ಬಿಣ, ಗಟ್ಟಿ ಮಾಲು. ತಲಿ ಮ್ಯಾಲ ಗುರುತು ಇತ್ತು. ಇವು ಹೊಳ್ಯಾಕತ್ತಾವ."

ತಮಾಷೆ ಇರಬೇಕೆಂದು ಚಾಂದ್‌ಪಾಷಾ ನಕ್ಕ. ಅಪ್ಪ ನಗಲಿಲ್ಲ. ಇಡೀ ಮಧ್ಯಾಹ್ನ ನಿಮ್ಮ ಪಕ್ಕದಲ್ಲೇ ಇದ್ದೆನಲ್ಲ, ಯಾವಾಗ ಬದಲಿಸಿದೆ ಎಂದು ಚಾಂದ್‌ಪಾಷಾ ಕೇಳಿದ. ಹೊರಡುವ ಮುಂಚೆ, ನಾನು ಹಗ್ಗ ಕಟ್ಟುವಾಗ ಎಂದ ಅಪ್ಪ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಡಬ್ಬಿಗೆ ಹಾಕುವಾಗ ನೀನು ನೋಡಿದೆಯಾ ಎಂದು ಅಪ್ಪ ಕೇಳಿದ.

ಇಲ್ಲಿ ಒಂದು ಸಣ್ಣ ಹೌದು ಸಾಕಿತ್ತು. ಆದರೆ ನಾನು ನಿಖರವಾಗಿ ಮಾತಾಡುವವಳು. "ಹಾಕಿದ್ದು ನೋಡೀನಿ. ಏನು ಹಾಕಿದ್ರು ಅನ್ನೂದು ನೋಡಿಲ್ಲ" ಅಂದೆ.

ಚಾಂದ್‌ಪಾಷಾನ ಮುಖ ಸಣ್ಣದಾಯಿತು. ಅವನು ತನ್ನ ಚೀಲದ ಬಟ್ಟೆ ಹಾಸಿ, ಬೋಲ್ಟು ತಿರುಗಿಸುವ ಪಾನಾಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಜೋಡಿಸುತ್ತ ಜೋಡಿಸುತ್ತ ಅವನ ಕೈ ನಿಂತಿತು. ಒಂದು ಪಾನಾ ಕಮ್ಮಿ ಇತ್ತು. ಹ್ಯಾಂಡಲ್ಲಿನ ಹತ್ತಿರದ ಬೋಲ್ಟುಗಳಿಗೆ ಅದೇ ಬೇಕು. ಅವನು ನಮ್ಮ ಹೊಸ್ತಿಲನ್ನು ನೋಡಿದ, ಕಿಟಕಿ ನೋಡಿದ, ಕೊನೆಗೆ ನನ್ನನ್ನೂ ನೋಡಿದ. ವಕೀಲರ ಮನೆಯವರನ್ನು ಅವನು ಹೇಗೆ ನೋಡಿರಬಹುದೆಂದು ನನಗೆ ಅರ್ಥವಾಯಿತು.

"ಪಾನಾ ಸಿಗೂತನಕ ನಾ ಏಳಂಗಿಲ್ಲ" ಅಂದ.

"ಬೋಲ್ಟ್ ಸಿಗೂತನಕ ನಿನ್ನ ಏಳಸಾವರು ಯಾರು?" ಅಂದ ಅಪ್ಪ.

ಇಬ್ಬರೂ ಕೂತರು. ನಡುವೆ ಗಾಡಿ, ಅದರ ಮುರಿದ ಮೂತಿ, ನೇತಾಡುವ ವೈರುಗಳು. ನಾನು ಆಕಾಶ ನೋಡಿದೆ. ಬೆಳಕು ಎಷ್ಟು ಉಳಿದಿದೆ ಎಂದು ಅಳೆಯುತ್ತಿದ್ದೆ. ಮನೆಯವರ ಜಗಳಕ್ಕಾಗಿ ಹೊಸ ಮೇಡಂ ಬರುವುದು ತಡವಾಯಿತೆಂದರೆ ದೇವದುರ್ಗದಲ್ಲಿ ಯಾರು ಕೇಳುತ್ತಾರೆ? ಅಪ್ಪನ ಹಟದಲ್ಲಿ ಬೋಲ್ಟಿನ ಪಾಲೆಷ್ಟು, ನನ್ನನ್ನು ಕಳಿಸಲೊಲ್ಲದ ಮನಸ್ಸಿನ ಪಾಲೆಷ್ಟು ಎಂಬ ಪ್ರಶ್ನೆಯೂ ತಲೆಯೊಳಗೆ ಹುಳುವಿನಂತೆ ಕೊರೆಯುತ್ತಿತ್ತು.

ಆಗ ಅವ್ವ ಸಂಜೆಯ ದೀಪ ಹಿಡಿದು ಬಂದಳು. ಗೂಡಿನಲ್ಲಿದ್ದ ಟವೆಲ್ಲು ಎತ್ತಿದಳು. ಹೆಡ್‌ಲೈಟಿನ ಗಾಜಿನ ಕೆಳಗೆ ಒಂದು ಪಾನಾ ಇತ್ತು. ಅದನ್ನು ದೀಪದ ಹತ್ತಿರ ಹಿಡಿದಳು.

"ಇದನ್ನ ಹುಡಕಾಕತ್ತೀರೇನು? ಇದು ಅವರದಲ್ಲ, ನಮ್ಮದ. ಗುರುತು ಅದ ನೋಡ್ರಿ."

ಪಾನಾದ ಒಂದು ತುದಿಗೆ ದುಂಡನೆಯ ಕೆಂಪು ಚುಕ್ಕೆ. ಕೈಗೆ ಬಂದದ್ದಕ್ಕೆಲ್ಲ ಚುಕ್ಕೆ ಇಡುವ ಹುರುಪಿನಲ್ಲಿ ಅಪ್ಪ ಅದಕ್ಕೂ ಇಟ್ಟಿದ್ದ. ನೋಡಲು ಒಳ್ಳೆಯ ಮಾಲಿನಂತೆ ಕಂಡಿದ್ದರಿಂದ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದ. ಹೀಗೆ ಆ ದಿನ ನಮ್ಮ ಅಂಗಳದಲ್ಲಿ ನಮ್ಮ ಗುರುತು ಉಳಿಸಿಕೊಂಡಿದ್ದ ಒಂದೇ ಒಂದು ವಸ್ತು ನಮ್ಮದಲ್ಲದ್ದಾಗಿತ್ತು.

ಚಾಂದ್‌ಪಾಷಾ ಅದನ್ನು ಅವ್ವನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ. ದನಿ ಏರಿಸಲಿಲ್ಲ. "ನಮ್ಮ ಅಬ್ಬಾನ ಕಾಲದ ಪಾನಾ ಇದು. ನನ್ನ ಕುರಿ ನಿಮ್ಮ ಹಿಂಡಿನ್ಯಾಗ ಹೆಂಗ ಬಂತು, ಬೀರಣ್ಣ?"

ಅಪ್ಪನಿಗೆ ಇದಕ್ಕಿಂತ ದೊಡ್ಡ ಆಪಾದನೆ ಬೇರೆ ಇರಲಿಲ್ಲ. ಚಂದ್ರಬಂಡದಲ್ಲಿ ಇಂಥ ಮಾತಿಗೆ ಪಂಚಾಯಿತಿ ಸೇರುತ್ತಿತ್ತು. ಬಹಳ ಸಣ್ಣ ದನಿಯಲ್ಲಿ, "ಹಂಗಾದ್ರ ನಮ್ಮ ಬೋಲ್ಟಿನ ಗುರುತು ಎಲ್ಲಿ ಹೋತು?" ಅಂದ.

ಆಗ ನನ್ನ ತಲೆಯಲ್ಲಿ ಬೆಳಕಾಯಿತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಇಡೀ ಮಧ್ಯಾಹ್ನ ಆ ಡಬ್ಬಿಯ ಪಕ್ಕದಲ್ಲೇ ಕೂತಿದ್ದರೂ ಹೊಳೆದಿರಲಿಲ್ಲ. ನಾನು ಎದ್ದು ಹೋಗಿ ಚಾಂದ್‌ಪಾಷಾನ ಮುಂದೆ ಕೈ ಚಾಚಿದೆ. ಅವನು ಅನುಮಾನಿಸುತ್ತಲೇ ಪಾನಾ ಕೊಟ್ಟ. ಚುಕ್ಕೆಯಿದ್ದ ತುದಿಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ, ನಿಧಾನವಾಗಿ ಕದಡಿದೆ. ಮೂವರೂ ಬಗ್ಗಿ ನೋಡಿದರು. ಎತ್ತಿದಾಗ ಚುಕ್ಕೆ ಇರಲಿಲ್ಲ. ಡಬ್ಬಿಯನ್ನು ದೀಪದ ಕಡೆ ವಾಲಿಸಿದೆ. ತಳದಲ್ಲಿ ತೆಳ್ಳಗೆ, ಕೆಂಪಗೆ, ನಮ್ಮ ಅಜ್ಜನ ಹಿಂಡಿನ ಗುರುತೆಲ್ಲ ಕೂತಿತ್ತು.

 ಅಪ್ಪ ಅವ್ವನ ಕಡೆ ತಿರುಗಿ ಚಹಾ ಮಾಡು ಎಂದ, ಸಕ್ಕರೆ ಜಾಸ್ತಿ ಹಾಕು ಎಂದೂ ಸೇರಿಸಿದ. ಅವನ ಕ್ಷಮಾಪಣೆ ಅಷ್ಟೇ. ಚಾಂದ್‌ಪಾಷಾ ಚಹಾ ಕುಡಿದ. ಕುಡಿದ ಮೇಲೆ ಪಾನಾಗಳನ್ನು ಮತ್ತೊಮ್ಮೆ ಜೋಡಿಸಿ ನೋಡಿಕೊಂಡ. ಅವನ ಉತ್ತರವೂ ಅಷ್ಟೇ.

ಆದರೆ ಕತ್ತಲಾಗುತ್ತ ಬಂದಿತ್ತು. ಅಪ್ಪ ಗಾಡಿಯನ್ನೂ, ಗೋಡೆಗೆ ಒರಗಿದ್ದ ಮುಸುಕನ್ನೂ ನೋಡಿದ. "ಮುಸುಕು ಕೂಡಸೂದು ಇವತ್ತ ಆಗಾಂಗಿಲ್ಲ ಯವ್ವಾ. ನಾಳಿ ಹಾಕಿಸಿ, ನಾಡದ ಹೋಗೋಣೇನು? ಒಂದು ದಿನಕ್ಕ ಏನಾಗ್ತದ, ನಾ ಬಂದು ಹೇಳ್ತೀನಿ ಅವರಿಗೆ."

ನಾನು ಕಾಯುತ್ತಿದ್ದ ಮಾತು ಇದೇ. ಬಂದೇಬಿಟ್ಟಿತು. ಅದರಲ್ಲಿ ಕಪಟವಿತ್ತೋ, ಬರೀ ದಣಿವಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಮುಸುಕು ಬ್ಯಾಡ. ಬರೀ ಲೈಟ್ ಹಾಕಿದ್ರ ಸಾಕು. ಹಂಗ ಹೋಗೋಣು" ಅಂದೆ.

ಅಪ್ಪ ನನ್ನ ಮುಖವನ್ನು, ಗಾಡಿಯನ್ನು ತಟ್ಟಿ ನೋಡುತ್ತಿದ್ದ ಹಾಗೆ ನೋಡಿದ. ಚಾಂದ್‌ಪಾಷಾ ಆಗಲೇ ಪಟ್ಟಿ ಹಿಡಿದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ಅಕ್ಕಾರ, ದೀಪ ಇತ್ತ ತರ್ರಿ" ಎಂದು ಅವ್ವನನ್ನು ಕರೆದ. ಅಪ್ಪ ಒಂದು ಕ್ಷಣ ನಿಂತಿದ್ದು, ಆಮೇಲೆ ಬೋಲ್ಟುಗಳನ್ನು ಒಂದೊಂದಾಗಿ ಅವನ ಕೈಗೆ ಕೊಡತೊಡಗಿದ. ಗುರುತಿಲ್ಲದ ಬೋಲ್ಟುಗಳನ್ನು.

ಸೋಮವಾರ ಬೆಳಗ್ಗೆ ಗಾಡಿ ಬೋಳು ಮುಖ ಹೊತ್ತು ಹೊರಟಿತು. ಹ್ಯಾಂಡಲ್ಲು ಬಲಕ್ಕೂ ತಿರುಗುತ್ತಿತ್ತು. ಮುಸುಕಿಲ್ಲದೆ ಗಾಳಿಯೂ ದೂಳೂ ನೇರ ಬಡಿಯುತ್ತಿದ್ದರಿಂದ ಅಪ್ಪನೇ ಟವೆಲ್ಲಿನ ಮುಸುಕು ಹಾಕಿಕೊಂಡಿದ್ದ. ಗಬ್ಬೂರು ದಾಟುವ ಮೊದಲು ಬೆಳಗಿನ ಬಸ್ಸು ನಮ್ಮನ್ನು ಹಿಂದೆ ಹಾಕಿ ಚೆನ್ನಾಗಿಯೇ ಓಡಿಹೋಯಿತು.  ಅದರಾಚೆ ಒಂದು ಕುರಿಹಿಂಡು ರಸ್ತೆಗೆ ಅಡ್ಡ ಬಂತು. ಲೈಟಿನ ಜೊತೆಗೇ ಕೂಡಿಸಿದ್ದ, ಎಮ್ಮೆಯನ್ನೂ ಎಬ್ಬಿಸುವ ಹಾರ್ನು ಅಪ್ಪನ ಹೆಬ್ಬೆರಳಿನ ಕೆಳಗೇ ಇತ್ತು. ಅವನು ಒತ್ತಲಿಲ್ಲ. ಇಂಜಿನ್ ಆರಿಸಿ, ಕಾಲೂರಿ, ಒಂದೊಂದು ಕುರಿ ದಾಟುವಾಗಲೂ ಅದರ ಗುರುತು ಓದುತ್ತ ನಿಂತ. ನಾನು ಗಡಿಯಾರ ನೋಡುತ್ತ ಹಿಂದೆ ಕೂತಿದ್ದೆ. ಕಾಲೇಜು ಮುಟ್ಟಿದಾಗ ಗುಮಾಸ್ತರು ಇನ್ನೂ ಬೀಗ ತೆಗೆಯುತ್ತಿದ್ದರು. ರಿಜಿಸ್ಟರಿನಲ್ಲಿ ಸಹಿ ಮಾಡಿ ಹೊರಗೆ ಬಂದು ನೋಡಿದರೆ ಅಪ್ಪ ಬೇವಿನ ನೆರಳಲ್ಲಿ ಗಾಡಿಯ ಬೋಲ್ಟುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಿದ್ದ.

ಮುಸುಕು ಮತ್ತೆ ಗಾಡಿ ಏರಲಿಲ್ಲ. ಅವ್ವ ಅದನ್ನು ಬೋರಲು ಹಾಕಿ ಅದರ ಕೆಳಗೆ ಸಗಣಿಯ ಕುಳ್ಳು ಇಡುತ್ತಾಳೆ, ಮಳೆಗೆ ನೆನೆಯುವುದಿಲ್ಲವಂತೆ.

ನನ್ನ ಟ್ರಂಕು, ಹಾಸಿಗೆ, ಸ್ಟೋವುಗಳನ್ನು ಅಪ್ಪ ಮುಂದಿನ ವಾರ ಬಸ್ಸಿನ ಮೇಲೆ ಹಾಕಿಕೊಂಡು ತಂದ. ಹೌದು, ಅದೇ ಬಸ್ಸು. ನನ್ನ ಕೋಣೆಯ ಕದದ ಚಿಲಕ ಎಳೆದು ನೋಡಿ, ಕಿಟಕಿಯ ಸರಳು ಅಲುಗಾಡಿಸಿ ನೋಡಿ, ಮನೆಯ ಯಜಮಾನರನ್ನು ಎಷ್ಟೋ ಪ್ರಶ್ನೆ ಕೇಳಿ, ಸಂಜೆ ಹೋದ. ಅವನು ಹೋದ ಮೇಲೆ ನಾನು ಬಕೆಟ್ಟನ್ನು ಮಗುಚಿದೆ. ತಳದಲ್ಲಿ ದುಂಡನೆಯ ಕೆಂಪು ಚುಕ್ಕೆ ಇತ್ತು. ಟ್ರಂಕಿನ ಅಡಿಯಲ್ಲಿ ಇತ್ತು, ಚೊಂಬಿನ ಅಡಿಯಲ್ಲಿ ಇತ್ತು, ಕೊಡೆಯ ಹಿಡಿಯ ಒಳಮಗ್ಗುಲಲ್ಲೂ ಇತ್ತು. ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ ಹುಡುಕಿ ಇಟ್ಟಿದ್ದ.

ಕುರಿಯ ಹಾಗೆ ಅರಚುತ್ತಿದ್ದ ಹುಡುಗಿ ನೆನಪಾದಳು. ಕೂಡಲೇ ಸ್ಟೋವಿನಿಂದ ಚಿಮಣಿ ಎಣ್ಣೆ ಬಗ್ಗಿಸಿ, ಬಟ್ಟೆಯ ಚೂರು ಅದ್ದಿ, ಕೊಡೆಯ ಹಿಡಿ ತಿಕ್ಕಿದೆ. ಚುಕ್ಕೆ ಹೋಗಲಿಲ್ಲ. ಜೋರಾಗಿ ತಿಕ್ಕಿದೆ. ಇನ್ನಷ್ಟು ಹೊಳೆಯಿತು. ಈ ಸಲ ಅಪ್ಪ ಕೆಮ್ಮಣ್ಣು ಕದಡಿರಲಿಲ್ಲ. ಕಿಟಕಿ ಬಾಗಿಲಿಗೆ ಬಳಿಯುವ ಎನಾಮೆಲ್ ಬಣ್ಣ ತಂದಿದ್ದ.

ಅದು ಅಸಿಟೋನಿನಲ್ಲಿ ಹೋಗುತ್ತದೆಂದು ನನಗೆ ಗೊತ್ತು. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಅಸಿಟೋನಿನ ಬಾಟಲಿ ಇದೆ, ಕಪಾಟಿನ ಕೀಲಿ ನನ್ನ ಹತ್ತಿರವೇ ಇರುತ್ತದೆ. ಒಂದಿಷ್ಟು ತರಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಪ್ರತಿ ಸಂಜೆಯೂ ಮರೆತುಹೋಗುತ್ತದೆ.